ಕಲ್ಲಿನ ಕಾಲುವೆ: ಇಷ್ಟೆಲ್ಲ ತಪ್ಪುಗಳ ನಡುವೆ ಚರ್ಚಿನ ಚೆಲುವು ಎಲ್ಲಿದೆ?

ಭಾನುವಾರದ ಆರಾಧನೆಯಲ್ಲಿ ಒಂದು ಸಾಲು ಬರುತ್ತದೆ. ಎಲ್ಲರೂ ಎದ್ದು ನಿಂತು, ಬಾಯಿಪಾಠ ಒಪ್ಪಿಸುವ ಹಾಗೆ ಹೇಳುತ್ತಾರೆ: ‘ಒಂದೇ, ಪವಿತ್ರ, ಸಾರ್ವತ್ರಿಕ, ಅಪೊಸ್ತಲಿಕ ಸಭೆಯನ್ನು ನಂಬುತ್ತೇನೆ.’ 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಬಿಷಪ್ಪರ ಹೆಸರಿನಲ್ಲಿ ಬಂದ ವಿಶ್ವಾಸಪ್ರಮಾಣದ ಸಾಲು ಅದು. ಕ್ಯಾಥೊಲಿಕರು, ಆರ್ಥೊಡಾಕ್ಸರು, ಬಹಳಷ್ಟು ಪ್ರೊಟೆಸ್ಟೆಂಟರು ಇವತ್ತಿಗೂ ಅದನ್ನೇ ಹೇಳುತ್ತಾರೆ.

ನನಗೆ ಈ ಸಾಲಿನ ಮೇಲೆ ಬಹಳ ವರ್ಷ ಸಿಟ್ಟಿತ್ತು. ಒಂದೇ ಅಂತೆ! ಎಷ್ಟು ಪಂಗಡಗಳಿವೆ ಅಂತ ಎಣಿಸಲು ಕೂತವರೇ ಒಂದು ಲೆಕ್ಕಕ್ಕೆ ಒಪ್ಪುವುದಿಲ್ಲ. ಪವಿತ್ರ ಅಂತೆ! ಪಕ್ಕದ ಬೆಂಚಿನಲ್ಲಿ ನಿಂತವರ ಮುಖ ನೋಡಿದರೆ ಸಾಕಿತ್ತು, ನಗು ಬರುತ್ತಿತ್ತು. (ನನ್ನ ಮುಖವೂ ಅವರಿಗೆ ಕಾಣುತ್ತಿದೆ ಅನ್ನುವುದು ಆಗ ಹೊಳೆದಿರಲಿಲ್ಲ.) ಧರ್ಮಯುದ್ಧ, ಗುಲಾಮಗಿರಿ, ಮಕ್ಕಳ ಮೇಲಿನ ದೌರ್ಜನ್ಯ, ಅದನ್ನು ಮುಚ್ಚಿಹಾಕಿದ ಬಿಷಪ್ಪರು. ಇದನ್ನೆಲ್ಲ ಬಲ್ಲವನು ಆ ಸಾಲನ್ನು ಹೇಗೆ ಹೇಳಬೇಕು? ಅಂಥ ಸಭೆಯಲ್ಲಿ ಚೆಲುವು ಕಂಡಿತು ಅಂದರೆ ಕಣ್ಣಿಗೇನೋ ಆಗಿದೆ ಅಂತಲೇ ಅರ್ಥ, ಅಲ್ವಾ?

ಮೊದಲು ಮಾತುಗಳನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅರ್ಧ ಗೊಂದಲ ಅಲ್ಲೇ ಇದೆ.

ಚರ್ಚ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಟ್ಟಡ. ಗೋಪುರ, ಗಂಟೆ, ಬಣ್ಣದ ಗಾಜು. ಹೊಸ ಒಡಂಬಡಿಕೆಯ ಗ್ರೀಕ್ ಮಾತು ‘ಎಕ್ಲೇಸಿಯ’. ಅದರ ಅರ್ಥ ಕಟ್ಟಡ ಅಲ್ಲ, ಕರೆದಾಗ ಬಂದು ಸೇರಿದ ಜನ. ಕನ್ನಡದ ‘ಸಭೆ’ ಈ ಅರ್ಥಕ್ಕೆ ಸರಿಯಾಗಿ ಹೊಂದುತ್ತದೆ. ಮೊದಲ ಕಾಲದ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲೇ ಸೇರುತ್ತಿದ್ದರು. ಸಿರಿಯದ ಡ್ಯೂರಾ-ಯೂರೋಪಸ್ ಎಂಬಲ್ಲಿ ಮೂರನೇ ಶತಮಾನದ ಅಂಥದ್ದೊಂದು ಮನೆ ನೆಲ ಅಗೆದಾಗ ಸಿಕ್ಕಿದೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿಕೊಂಡಿದ್ದಾರೆ, ಅಷ್ಟೇ. ಜನ ಜಾಸ್ತಿಯಾದರು, ಜಾಗ ಸಾಲಲಿಲ್ಲ.

‘ಪವಿತ್ರ’ ಎಂಬ ಮಾತು ಇನ್ನೂ ತೊಡಕಿನದು. ನಾವು ಅದನ್ನು ‘ಕೊಳೆಯಿಲ್ಲದ್ದು’ ಅಂತ ಓದುತ್ತೇವೆ. ಬೈಬಲಿನಲ್ಲಿ ಅದರ ಮೂಲ ಅರ್ಥ ‘ಬೇರೆಯಾಗಿ ಎತ್ತಿಟ್ಟದ್ದು’. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತಿದೆ: ಮೀಸಲು. ಮೀಸಲು ಇಟ್ಟ ಪಾತ್ರೆ ಹೊಳೆಯುತ್ತಿರಬೇಕು ಅಂತೇನೂ ಇಲ್ಲ. ನೆಗ್ಗಿರಬಹುದು, ಮಸಿ ಹಿಡಿದಿರಬಹುದು. ಅದು ಯಾರಿಗೆ ಸೇರಿದ್ದು ಅನ್ನುವುದು ಮುಖ್ಯ. ಸಭೆ ಪವಿತ್ರ ಅಂದಾಗ ಅದರ ಜನ ಒಳ್ಳೆಯವರು ಅಂತ ಯಾರೂ ಸರ್ಟಿಫಿಕೇಟ್ ಕೊಡುತ್ತಿಲ್ಲ. ಇವರು ದೇವರಿಗೆ ಮೀಸಲು ಅಂತ ಹೇಳುತ್ತಿದ್ದಾರೆ. ಮೀಸಲಿಟ್ಟದ್ದನ್ನು ಹೊಲಸು ಮಾಡಿದರೆ ತಪ್ಪು ದೊಡ್ಡದಾಗುತ್ತದೆಯೇ ಹೊರತು ಸಣ್ಣದಾಗುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜಗಳಗಂಟರ ಊರಿಗೆ ಬರೆದ ಪತ್ರ

ಮೊದಲು ಎಲ್ಲ ಚೆನ್ನಾಗಿತ್ತು, ಆಮೇಲೆ ದುಡ್ಡು, ಅಧಿಕಾರ ಬಂದು ಸಭೆ ಕೆಟ್ಟಿತು ಅನ್ನುವ ಒಂದು ಕತೆ ಇದೆ. ಕೇಳಲು ಹಿತವಾಗಿರುತ್ತದೆ. ಆ ಕತೆ ಹೇಳುವವರು, ಮೊದಲ ತಲೆಮಾರಿನ ಪ್ರಚಾರಕ ಪೌಲ ಗ್ರೀಸಿನ ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರವನ್ನು ಒಮ್ಮೆ ಕೂತು ಓದಬೇಕು. ಅದು ಸುಮಾರು 54ನೇ ಇಸವಿಯ ಆಸುಪಾಸಿನದು. ಯೇಸುವನ್ನು ಶಿಲುಬೆಗೆ ಹಾಕಿ ಇನ್ನೂ 25 ವರ್ಷ ಆಗಿರಲಿಲ್ಲ.

ಆ ಸಭೆಯಲ್ಲಿ ಏನು ನಡೆಯುತ್ತಿತ್ತು? ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ (ಅಂದರೆ ಪೇತ್ರನ) ಕಡೆ ಅಂತ ಗುಂಪು ಕಟ್ಟಿದ್ದರು. ಒಬ್ಬ ತನ್ನ ತಂದೆಯ ಹೆಂಡತಿಯನ್ನೇ ಇಟ್ಟುಕೊಂಡಿದ್ದ. ಅದು ಗೊತ್ತಿದ್ದೂ ಉಳಿದವರು ಎದೆಯುಬ್ಬಿಸಿಕೊಂಡೇ ಓಡಾಡುತ್ತಿದ್ದರು. ಸಹೋದರರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುತ್ತಿದ್ದರು. ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಅವರ ಊಟ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುವಿನ ಭೋಜನ ಅಂತ ಹೆಸರು. ಅನುಕೂಲಸ್ಥರು ಮೊದಲೇ ಬಂದು ತಮ್ಮ ಪಾಡಿಗೆ ತಾವು ತಿಂದು ಕುಡಿದು ಮುಗಿಸುತ್ತಿದ್ದರು. ಏನೂ ಇಲ್ಲದವರಿಗೆ ಖಾಲಿ ಪಾತ್ರೆ ಕಾಣುತ್ತಿತ್ತು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಅಮಲು ಅಂತ ಪೌಲನೇ ಬರೆಯುತ್ತಾನೆ. ನೀವು ಸೇರಿ ಬರುವುದರಿಂದ ಒಳ್ಳೆಯದಲ್ಲ, ಕೆಟ್ಟದ್ದೇ ಆಗುತ್ತಿದೆ ಅಂತಲೂ ಹೇಳುತ್ತಾನೆ.

ಈ ಜನಕ್ಕೆ ಬರೆದ ಪತ್ರದ ಮೊದಲ ಸಾಲುಗಳಲ್ಲೇ ಅವನು ಅವರನ್ನು ಕರೆಯುವುದು ಹೇಗೆ ಗೊತ್ತೇ? ಕ್ರಿಸ್ತನಲ್ಲಿ ಪವಿತ್ರರಾದವರು ಅಂತ. ಆ ಮೀಸಲಿನ ಮಾತೇ.

ಆಮೇಲೆ 13ನೇ ಅಧ್ಯಾಯ ಬರುತ್ತದೆ. ಮದುವೆಗಳಲ್ಲಿ ಓದುತ್ತಾರಲ್ಲ, ಅದು. ಪ್ರೀತಿಗೆ ತಾಳ್ಮೆ ಇದೆ, ದಯೆ ಇದೆ. ಪ್ರೀತಿ ಹೊಟ್ಟೆಕಿಚ್ಚು ಪಡುವುದಿಲ್ಲ, ಜಂಬ ಕೊಚ್ಚುವುದಿಲ್ಲ, ಉಬ್ಬಿಕೊಳ್ಳುವುದಿಲ್ಲ. ಹೂಮಾಲೆಗಳ ನಡುವೆ ಕೇಳಿದಾಗ ಇಂಪಾಗಿಯೇ ಇರುತ್ತದೆ. ಆದರೆ ಇದು ಬೈಗುಳದ ಪತ್ರದ ನಡುವೆ ಇರುವ ಅಧ್ಯಾಯ. ‘ಉಬ್ಬಿಕೊಳ್ಳುವುದು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಇದೇ ಪತ್ರದಲ್ಲಿ ಅದಕ್ಕೂ ಮೊದಲು ಕೊರಿಂಥದವರ ಮೇಲೆ ಮತ್ತೆ ಮತ್ತೆ ಹೊರಿಸಿದ ದೂರು ಅದು: ನೀವು ಉಬ್ಬಿಕೊಂಡಿದ್ದೀರಿ, ಉಬ್ಬಿಕೊಂಡಿದ್ದೀರಿ. ಅಂದರೆ ಪ್ರೀತಿ ಏನೇನು ಮಾಡುವುದಿಲ್ಲ ಅಂತ ಪೌಲ ಪಟ್ಟಿ ಮಾಡುವಾಗ ಅವನ ಕಣ್ಣೆದುರು ಇದ್ದದ್ದು ಆ ಊಟದ ಮನೆ. ಅಲ್ಲಿ ಏನೇನು ನಡೆಯುತ್ತಿತ್ತೋ ಅದನ್ನೇ ‘ಇಲ್ಲ’ ಹಚ್ಚಿ ಬರೆದಿದ್ದಾನೆ.

ನಾನು ಚರ್ಚನ್ನು ನೋಡುವ ರೀತಿ ಬದಲಾಗಿದ್ದು ಇಲ್ಲಿಂದ. ಅಷ್ಟು ಚೆಂದದ ಮಾತು ಒಳ್ಳೆಯ ಸಭೆಯೊಂದರಿಂದ ಹುಟ್ಟಿ ಬರಲಿಲ್ಲ. ಕೆಟ್ಟ ಸಭೆಗೆ ಬಿದ್ದ ಪೆಟ್ಟಾಗಿ ಬಂತು. ಪೆಟ್ಟು ತಿಂದವರು ಪತ್ರವನ್ನು ಹರಿದು ಎಸೆಯಬಹುದಿತ್ತು. ನಕಲು ಮಾಡಿ ಬೇರೆ ಊರುಗಳಿಗೂ ಹೋಗಲು ಬಿಟ್ಟರು.

ಪುಸ್ತಕ ಒಪ್ಪಿಸಿದವರ ಜಗಳ

ಕೆಟ್ಟ ಪಾದ್ರಿ ಕೊಟ್ಟ ಸಂಸ್ಕಾರ (ಕ್ರೈಸ್ತನಾಗುವಾಗ ಕೊಡುವ ದೀಕ್ಷಾಸ್ನಾನದಂಥ ವಿಧಿ) ನಡೆಯುತ್ತದಾ? ಈ ಪ್ರಶ್ನೆ ಸಭೆಯನ್ನು ಒಮ್ಮೆ ನಡುವೆ ಸೀಳಿಹಾಕಿತ್ತು. ಅಲ್ಲಿ ಸಿಕ್ಕ ಉತ್ತರ ಇವತ್ತಿಗೂ ಕೆಲಸ ಮಾಡುತ್ತಿದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು.

303ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಧರ್ಮಗ್ರಂಥಗಳನ್ನು ಕಿತ್ತುಕೊಂಡು ಸುಡಲು ಆಜ್ಞೆ ಹೊರಡಿಸಿದ. ಉತ್ತರ ಆಫ್ರಿಕದಲ್ಲಿ ಕೆಲವರು ಕೊಡದೆ ಸತ್ತರು. ಕೆಲವು ಬಿಷಪ್ಪರು ಹೆದರಿ ಒಪ್ಪಿಸಿಬಿಟ್ಟರು. ಹೀಗೆ ಒಪ್ಪಿಸಿದವರನ್ನು ಲ್ಯಾಟಿನ್‌ನಲ್ಲಿ ‘ತ್ರಾದಿತೋರೆಸ್’ ಅಂದರು. ದ್ರೋಹಿ ಎಂಬರ್ಥದ ಇಂಗ್ಲಿಷಿನ ‘ಟ್ರೇಟರ್’ ಎಂಬ ಮಾತಿನ ಬೇರೂ ಇದೇ. (ಕಾರ್ಥೇಜಿನ ಬಿಷಪ್ ಮಾತ್ರ ಸೈನಿಕರ ಕೈಗೆ ಪಾಷಂಡಿಗಳ ಪುಸ್ತಕಗಳನ್ನು ದಾಟಿಸಿ ಪಾರಾದೆ ಅಂತ ಹೇಳಿಕೊಂಡ. ಚಾಲಾಕಿ ಮನುಷ್ಯ.) ಹಿಂಸೆ ಮುಗಿದ ಮೇಲೆ ಪ್ರಶ್ನೆ ಎದ್ದಿತು. ಹೀಗೆ ಕೈಬಿಟ್ಟವನು ಅಭಿಷೇಕ ಮಾಡಿದ ಬಿಷಪ್ ಬಿಷಪ್ಪೇ ಹೌದಾ? ಅವನು ಕೊಟ್ಟ ದೀಕ್ಷಾಸ್ನಾನ ಲೆಕ್ಕಕ್ಕೆ ಬರುತ್ತದಾ?

ಬರುವುದಿಲ್ಲ ಅಂದವರು ಡೊನಾಟಿಸ್ಟರು. ಅವರ ನಾಯಕನ ಹೆಸರು ಡೊನಾಟಸ್. ಕೊಳಕು ಕೈಯಿಂದ ಶುದ್ಧವಾದದ್ದು ಬರಲು ಸಾಧ್ಯವಿಲ್ಲ, ನಮ್ಮದೇ ನಿಜವಾದ ಸಭೆ, ಇದರಲ್ಲಿ ಕಲೆ ಇಲ್ಲ ಅಂತ ಅವರ ವಾದ. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯವರನ್ನು ಕೂರಿಸಿ ವಿಚಾರಣೆ ನಡೆಸಿದಾಗ 500ಕ್ಕೂ ಹೆಚ್ಚು ಬಿಷಪ್ಪರು ಬಂದಿದ್ದರು. ಎರಡೂ ಕಡೆ ಹೆಚ್ಚುಕಡಿಮೆ ಸಮ. ಇದೇನೂ ಸಣ್ಣ ಗುಂಪಿನ ಗಲಾಟೆ ಆಗಿರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಒಲವು ಒಳಗೊಳಗೇ ಡೊನಾಟಿಸ್ಟರ ಕಡೆ. ಅವರ ಮನೆಯವರು ಸತ್ತಿದ್ದರು. ಹೆದರಿ ಓಡಿದವನು ಈಗ ಬಂದು ಪೀಠದ ಮೇಲೆ ಕೂತರೆ ಯಾರಿಗೆ ತಾನೆ ಉರಿಯುವುದಿಲ್ಲ?

ಅವರಿಗೆ ಉತ್ತರ ಕೊಟ್ಟವನು ಹಿಪ್ಪೋ ಊರಿನ ಬಿಷಪ್ ಅಗಸ್ಟೀನ. ಅವನ ವಾದ ಸುಲಭ. ದೀಕ್ಷಾಸ್ನಾನ ಪಾದ್ರಿಯ ಸ್ವಂತ ಆಸ್ತಿಯಲ್ಲ, ಕ್ರಿಸ್ತನದು. ಯೇಸುವಿನ ಮುಖ್ಯ ಶಿಷ್ಯ ಪೇತ್ರ ಕೊಟ್ಟರೂ ಕೊಡುವವನು ಕ್ರಿಸ್ತನೇ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ ಕೊಟ್ಟರೂ ಕೊಡುವವನು ಕ್ರಿಸ್ತನೇ. ಇದಕ್ಕೆ ಅವನು ಒಂದು ಹೋಲಿಕೆ ಕೊಡುತ್ತಾನೆ. ಕಲ್ಲಿನ ಕಾಲುವೆಯಲ್ಲಿ ನೀರು ಹರಿದು ತೋಟದ ಪಾತಿಗೆ ಹೋಗುತ್ತದೆ. ಕಾಲುವೆಯ ಕಲ್ಲಿನಲ್ಲಿ ಏನೂ ಬೆಳೆಯುವುದಿಲ್ಲ. ಆದರೆ ತೋಟ ಫಲ ಕೊಡುತ್ತದೆ.

ಈ ಹೋಲಿಕೆಯನ್ನು ಎರಡು ಸಲ ಓದಿ. ಅಗಸ್ಟೀನ ಪಾದ್ರಿಯನ್ನು ಹೊಗಳುತ್ತಿಲ್ಲ. ಕಲ್ಲು ಅನ್ನುತ್ತಿದ್ದಾನೆ! ಅಷ್ಟು ನೀರು ಮೈಮೇಲೆ ಹರಿದರೂ ಒಂದು ಹುಲ್ಲು ಹುಟ್ಟದ ಕಲ್ಲು. ಅವನ ಕಾಳಜಿ ಇರುವುದು ಪಾತಿಯಲ್ಲಿ ನಿಂತ ಗಿಡದ ಮೇಲೆ. ಡೊನಾಟಿಸ್ಟರ ಮಾತು ಒಪ್ಪಿದರೆ ಏನಾಗುತ್ತದೆ ನೋಡಿ. ನನ್ನ ದೀಕ್ಷಾಸ್ನಾನ ನಿಜವೋ ಅಲ್ಲವೋ ಅಂತ ತಿಳಿಯಲು ಕೊಟ್ಟವನ ಎದೆ ಬಗೆದು ನೋಡಬೇಕು. ಅವನಿಗೆ ಅಭಿಷೇಕ ಮಾಡಿದವನದೂ ನೋಡಬೇಕು. ಅವನ ಹಿಂದಿನವನದೂ. ಯಾರಿಗೆ ನೆಮ್ಮದಿ? ಬಡ ಮುದುಕಿಯೊಬ್ಬಳು ನಂಬಿ ಬದುಕಿದ್ದು ಯಾವನೋ ಬಿಷಪ್ಪನ ಹೇಡಿತನದಿಂದ ಸುಳ್ಳಾಗಬಾರದು. ಅಗಸ್ಟೀನನ ಮಾತಿನ ಕರುಣೆ ಇದು. ಗೋಧಿ, ಕಳೆ ಎರಡೂ ಕೊಯ್ಲಿನ ತನಕ ಒಟ್ಟಿಗೇ ಬೆಳೆಯಲಿ ಎಂಬ ಯೇಸುವಿನ ಸಾಮತಿಯನ್ನು (ದೃಷ್ಟಾಂತ ಕತೆಯನ್ನು) ಅವನು ಇದರ ಬೆನ್ನಿಗಿಟ್ಟ.

ಅಗಸ್ಟೀನನನ್ನೂ ಎತ್ತಿ ಕೂರಿಸುವುದು ಬೇಡ. ವಾದದಲ್ಲಿ ಗೆದ್ದವನೇ ಕೊನೆಕೊನೆಗೆ, ಸರ್ಕಾರದ ಬಲ ಹಾಕಿ ಡೊನಾಟಿಸ್ಟರನ್ನು ಒಳಗೆ ಎಳೆದು ತರುವುದು ಸರಿ ಅಂತ ಬರೆದ. ಮುಂದೆ ಶತಮಾನಗಳ ಕಾಲ ಬಲವಂತ ಮಾಡುವವರಿಗೆಲ್ಲ ಆ ಬರಹ ಆಸರೆಯಾಯಿತು. ಕಲ್ಲಿನ ಹೋಲಿಕೆ ಅವನಿಗೂ ಸರಿಯಾಗಿಯೇ ಒಪ್ಪುತ್ತದೆ.

ಕಾಲುವೆ ತೊಳೆಯದವರು

ಇನ್ನು ಕಷ್ಟದ ಭಾಗ. ಈ ಚೆಂದದ ವಾದವನ್ನು ಸಭೆ ಎಷ್ಟು ಕೆಟ್ಟದಾಗಿ ಬಳಸಿಕೊಂಡಿತು ಅಂತ ಹೇಳದೆ ಮುಂದೆ ಹೋಗುವಂತಿಲ್ಲ.

ನೀರು ಶುದ್ಧವಾಗಿಯೇ ಇದೆಯಲ್ಲ, ಕಾಲುವೆಯ ಚಿಂತೆ ಯಾಕೆ? ಹೀಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಡೆದುಕೊಂಡದ್ದು ಹಾಗೆಯೇ. 2002ರಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು, ಮಕ್ಕಳ ಮೇಲೆ ಕೈಹಾಕಿದ ಪಾದ್ರಿಗಳನ್ನು ಹಿರಿಯರು ಒಂದು ಸಭೆಯಿಂದ ಇನ್ನೊಂದಕ್ಕೆ ಸುಮ್ನೆ ವರ್ಗ ಮಾಡುತ್ತಾ ಬಂದದ್ದನ್ನು ದಾಖಲೆ ಸಮೇತ ಬಯಲಿಗೆ ತಂದಿತು. ಫ್ರಾನ್ಸಿನಲ್ಲಿ ಅಲ್ಲಿನ ಬಿಷಪ್ಪರೇ ಕೇಳಿಕೊಂಡು ನೇಮಿಸಿದ ಸ್ವತಂತ್ರ ಆಯೋಗ 2021ರಲ್ಲಿ ವರದಿ ಕೊಟ್ಟಿತು. 1950ರಿಂದ 2020ರವರೆಗೆ ಪಾದ್ರಿಗಳಿಂದ, ಮಠದವರಿಂದ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಸುಮಾರು 2,16,000 ಅಂತ ಅದರ ಅಂದಾಜು. ಇದು ಕ್ಯಾಥೊಲಿಕರ ರೋಗ ಅಂತ ಉಳಿದವರು ನೆಮ್ಮದಿಯಿಂದ ಇರುವಂತಿಲ್ಲ. ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ ಮುಖಂಡರು ಆರೋಪಿಗಳ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಂಡು ಕೂತಿದ್ದರೆಂದು 2022ರ ವರದಿ ಹೇಳಿತು. 2024ರ ನವೆಂಬರಿನಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅತಿ ಹಿರಿಯ ಬಿಷಪ್, ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಇಂಥದ್ದೇ ಪ್ರಕರಣದ ವರದಿ ಬಂದ ಮೇಲೆ ರಾಜೀನಾಮೆ ಘೋಷಿಸಿದರು.

ಎಲ್ಲ ಕಡೆಯೂ ಕೇಳುವುದು ಒಂದೇ ಮಾತು: ಸಭೆಗೆ ಕೆಟ್ಟ ಹೆಸರು ಬರಬಾರದು.

ಇಲ್ಲಿ ಒಂದು ಸಿಕ್ಕು ಬಿಡಿಸಿಕೊಳ್ಳಬೇಕು. ಅಗಸ್ಟೀನ ಉತ್ತರಿಸಿದ್ದು ಮುದುಕಿಯ ಪ್ರಶ್ನೆಗೆ: ‘ನನಗೆ ಸಿಕ್ಕದ್ದು ನಿಜವಾ?’ ಹೌದಮ್ಮ, ನಿಜ ಅಂದ. ‘ಈ ಮನುಷ್ಯ ಆ ಕೆಲಸದಲ್ಲಿ ಮುಂದುವರಿಯಬಹುದಾ?’ ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಕೊಟ್ಟ ಉತ್ತರವನ್ನು ಎರಡನೆಯದರ ಮೇಲೆ ಹೊದಿಸಿದವರು ಮೋಸ ಮಾಡಿದರು. ಗಿಡಕ್ಕೆ ಧೈರ್ಯ ಹೇಳಲು ಹುಟ್ಟಿದ ಮಾತನ್ನು ಕಲ್ಲಿಗೆ ರಕ್ಷಣೆಯಾಗಿ ತಿರುಗಿಸಿದರು. ಮೀಸಲು ಇಟ್ಟದ್ದನ್ನು ಹೊಲಸು ಮಾಡಿದರೆ ತಪ್ಪು ದೊಡ್ಡದು ಅಂದೆನಲ್ಲ, ಅದು ಇದೇ. ಯೇಸು ಬಹಳ ಕಟುವಾಗಿ ಮಾತಾಡಿದ ಜಾಗಗಳಲ್ಲಿ ಒಂದು, ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಮೇಲು ಅನ್ನುವ ಮಾತು. ಮುಚ್ಚಿಟ್ಟವರು ಆ ಮಾತನ್ನು ಪೀಠದಿಂದ ಓದುತ್ತಲೇ ಇದ್ದರು.

ಚರ್ಚಿನ ಪರವಾಗಿ ಮಾತಾಡುವವರಲ್ಲಿ ಜಾಸ್ತಿ ಜನ ಇಲ್ಲಿ ತಕ್ಕಡಿ ತೆಗೆಯುತ್ತಾರೆ. ಒಂದು ತಟ್ಟೆಯಲ್ಲಿ ದೌರ್ಜನ್ಯ, ಇನ್ನೊಂದರಲ್ಲಿ ಆಸ್ಪತ್ರೆ, ಶಾಲೆ, ಸಂಗೀತ. ನೋಡಿ, ಒಳ್ಳೆಯದೇ ಹೆಚ್ಚು ತೂಗುತ್ತದೆ ಅಂತ. ಈ ತಕ್ಕಡಿ ನನಗೆ ಬೇಡ. ನೋವು ತಿಂದ ಮಗುವಿನ ಎದುರು ಹಿಡಿಯಲು ಆಗದ ತಕ್ಕಡಿ ಅದು.

ದೋಷಾರೋಪಣೆ ಮನೆಯೊಳಗೇ ಇದೆ

ಹಾಗಾದರೆ ಚೆಲುವು ಎಲ್ಲಿ?

ನಾಲ್ಕು ಸುವಾರ್ತೆಗಳಿವೆ. ಅವು ಎಲ್ಲ ವಿಷಯದಲ್ಲೂ ಒಂದೇ ಥರ ಹೇಳುವುದಿಲ್ಲ. ಬೆಟ್ಟದ ಪ್ರಸಂಗವಾಗಲಿ, ಯೇಸು ಹುಟ್ಟಿದ ಕತೆಯಾಗಲಿ ಒಂದೆರಡರಲ್ಲಿ ಮಾತ್ರ ಇದೆ. ಆದರೆ ಪೇತ್ರ ಕೋಳಿ ಕೂಗುವ ಮುಂಚೆ ಮೂರು ಸಲ ಯೇಸುವನ್ನು ಅಲ್ಲಗಳೆದದ್ದು ನಾಲ್ಕರಲ್ಲೂ ಇದೆ. ಮಾರ್ಕ ತನ್ನ ಸುವಾರ್ತೆಯನ್ನು ಪೇತ್ರನ ಬಾಯಿಂದ ಕೇಳಿ ಬರೆದ ಅಂತ ಹಳೆಯ ಪರಂಪರೆ ಹೇಳುತ್ತದೆ. ಹಾಗಾದರೆ ಆ ಕತೆಯನ್ನು ಊರೂರಿಗೆ ಹೇಳಿಕೊಂಡು ಬಂದವನು ಸ್ವತಃ ಪೇತ್ರನೇ. ಕಂಪನಿಯೊಂದರ ವಾರ್ಷಿಕೋತ್ಸವದಲ್ಲಿ, ಮೊದಲ ಮುಖ್ಯಸ್ಥರು ಕೆಲಸದ ಹುಡುಗಿಯೊಬ್ಬಳ ಪ್ರಶ್ನೆಗೆ ಹೆದರಿ ಸುಳ್ಳು ಹೇಳಿದ ಪ್ರಸಂಗವನ್ನು ಯಾರಾದರೂ ಓದಿದ್ದು ಕೇಳಿದ್ದೀರಾ? ಸಭೆ ಪ್ರತಿ ವರ್ಷ ಓದುತ್ತದೆ.

ತನ್ನ ಮೇಲಿನ ದೂರನ್ನು ತಾನೇ ಕಾಪಾಡಿಕೊಂಡು ಬರುವ ಈ ಅಭ್ಯಾಸವೇ ನನಗೆ ಕಾಣುವ ಚೆಲುವು. ಸಭೆ ಆ ದೂರಿಗೆ ಕಿವಿಗೊಟ್ಟದ್ದು ಕಡಿಮೆ. ಆದರೆ ಪುಟ ಹರಿಯಲಿಲ್ಲ. ಹರಿಯದ ಪುಟವನ್ನು ಯಾವತ್ತೋ ಯಾರೋ ಒಬ್ಬರು ಎತ್ತಿ ಓದಿಬಿಡುತ್ತಾರೆ.

1511ರ ಡಿಸೆಂಬರಿನ ಒಂದು ಭಾನುವಾರ ಹಾಗೇ ಆಯಿತು. ಜಾಗ ಕೆರಿಬಿಯನ್ನಿನ ಹಿಸ್ಪಾನಿಯೋಲ ದ್ವೀಪ. ಹುಲ್ಲು ಹೊದಿಸಿದ ಚರ್ಚು. ಎದುರಿಗೆ ಸ್ಪೇನಿನ ಯಜಮಾನರು, ಅಲ್ಲಿನ ಮೂಲ ಜನರನ್ನು ಗಣಿಯಲ್ಲಿ ದುಡಿಸಿ ಸಾಯಿಸುತ್ತಿದ್ದವರು. ಡೊಮಿನಿಕನ್ ಸನ್ಯಾಸಿ ಆಂಟೋನಿಯೊ ದೆ ಮೊಂಟೆಸಿನೋಸ್ ಪೀಠ ಹತ್ತಿ ಕೇಳಿದ: ಇವರು ಮನುಷ್ಯರಲ್ಲವೇ? ಇವರಿಗೆ ಆತ್ಮ ಇಲ್ಲವೇ? ಯಜಮಾನರು ಕೆರಳಿ ಮಠಕ್ಕೆ ಹೋಗಿ ಮಾತು ಹಿಂತೆಗೆದುಕೊಳ್ಳಿ ಅಂದರು. ಮುಂದಿನ ವಾರ ಅವನು ಇನ್ನೂ ಖಾರವಾಗಿ ಮಾತಾಡಿದ. ದ್ವೀಪದಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿಯೂ ಇದ್ದ, ಅವನ ಕೈಕೆಳಗೂ ಹಾಗೆ ದುಡಿಯುವ ಜನ ಇದ್ದರು. ಅವನು ಕೂಡಲೇ ಬದಲಾಗಲಿಲ್ಲ. 1514ರಲ್ಲಿ ಪ್ರಸಂಗಕ್ಕೆ ತಯಾರಿ ಮಾಡುತ್ತಾ, ಬಡವರ ಅನ್ನ ಕಿತ್ತುಕೊಳ್ಳುವವನು ಕೊಲೆಗಾರ ಎಂಬ ಸಾಲು ಕಣ್ಣಿಗೆ ಬಿತ್ತು. ಆ ಜನರನ್ನೆಲ್ಲ ಬಿಟ್ಟುಕೊಟ್ಟ. ಮುಂದೆ ಬದುಕಿಡೀ ಅವರ ಪರ ವಾದಿಸಿದ. ಆದರೆ ಅದೇ ಮನುಷ್ಯ ಒಂದು ಹಂತದಲ್ಲಿ ಇವರ ಬದಲು ಆಫ್ರಿಕದ ಗುಲಾಮರನ್ನು ತರಬಹುದು ಅಂತಲೂ ಸಲಹೆ ಕೊಟ್ಟಿದ್ದ! ಅದು ಎಂಥ ತಪ್ಪು ಅಂತ ತಾನು ಬರೆದ ಇತಿಹಾಸದಲ್ಲಿ ತಾನೇ ಬರೆದಿಟ್ಟು ಹೋದ. ನಮಗೆ ಅದು ಚೆನ್ನಾಗಿ ಗೊತ್ತಿರುವುದು ಅವನೇ ಬರೆದದ್ದರಿಂದ.

ಸಂಗೀತದಲ್ಲೂ ಇದು ಕೇಳಿಸುತ್ತದೆ. ಜರ್ಮನ್ ಸಂಗೀತಗಾರ ಬಾಕ್ ರಚಿಸಿದ ಮತ್ತಾಯನ ಸುವಾರ್ತೆಯ ಪಾಡುಗೀತೆ (‘ಸೇಂಟ್ ಮ್ಯಾಥ್ಯೂ ಪ್ಯಾಶನ್’) ಜರ್ಮನಿಯ ಲೈಪ್‌ಜಿಗ್‌ನ ಚರ್ಚಿನಲ್ಲಿ ಶುಭ ಶುಕ್ರವಾರದಂದು ಹಾಡಲು ಬರೆದದ್ದು. ಕೊನೆಯ ಭೋಜನದಲ್ಲಿ ಯೇಸು ‘ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು’ ಅನ್ನುತ್ತಾನೆ. ಶಿಷ್ಯರ ಪಾತ್ರದ ಮೇಳ ಗಾಬರಿಯಿಂದ ‘ಕರ್ತನೇ, ನಾನೋ?’ ಅಂತ ಕೇಳುತ್ತದೆ. ಎಣಿಸಿದರೆ 11 ಸಲ. 12 ಶಿಷ್ಯರಲ್ಲಿ ಯೂದ ಸುಮ್ಮನಿದ್ದಾನೆ. ಕತೆಯ ಪ್ರಕಾರ ಉತ್ತರ ಯೇಸುವಿನಿಂದ ಬರಬೇಕು. ಬಾಕ್ ಅಲ್ಲಿ ಕತೆಯನ್ನು ನಿಲ್ಲಿಸುತ್ತಾನೆ. ಸಭೆಯವರಿಗೆಲ್ಲ ಪರಿಚಯವಿದ್ದ ಒಂದು ಹಳೆಯ ಕೀರ್ತನೆಯ ರಾಗ ಏಳುತ್ತದೆ. ಅದರ ಮೊದಲ ಮಾತು: ‘ನಾನೇ.’ ಆ 12ನೆಯ ದನಿ ಬೆಂಚಿನಲ್ಲಿ ಕೂತವರದು.

ಆ ‘ನಾನೇ’ ಮರೆತಲ್ಲೆಲ್ಲ ಸಭೆ ‘ಅವರೇ’ ಅಂದಿದೆ. ಯೇಸುವನ್ನು ಕೊಂದವರು ಯೆಹೂದಿಗಳು ಅಂತ ಶತಮಾನಗಟ್ಟಲೆ ಬೆರಳು ತೋರಿಸಿತು. ಶುಭ ಶುಕ್ರವಾರ ಯೂರೋಪಿನ ಎಷ್ಟೋ ಊರುಗಳಲ್ಲಿ ಯೆಹೂದಿಗಳು ಬಾಗಿಲು ಹಾಕಿಕೊಂಡು ನಡುಗುವ ದಿನವಾಗಿತ್ತು. ಬಾಕ್ ಸೇರಿದ್ದ ಪಂಗಡದ ಮೂಲಪುರುಷ ಲೂಥರನೇ 1543ರಲ್ಲಿ ಅವರ ಮೇಲೆ ವಿಷ ಕಾರುವ ಪುಸ್ತಕ ಬರೆದಿದ್ದ. ಆ ಸಾವಿನ ಹೊಣೆಯನ್ನು ಎಲ್ಲ ಯೆಹೂದಿಗಳ ಮೇಲೆ ಹೊರಿಸುವಂತಿಲ್ಲ ಅಂತ ಕ್ಯಾಥೊಲಿಕ್ ಸಭೆ ಅಧಿಕೃತವಾಗಿ ಹೇಳಿದ್ದು 1965ರಲ್ಲಿ. ನಾಜಿಗಳು ಲಕ್ಷಾಂತರ ಯೆಹೂದಿಗಳನ್ನು ಕೊಂದು ಸುಟ್ಟ ಮೇಲೆ.

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿಯ ಮೇಲೆ ಬಾಂಬು ಸುರಿಸಿದವು. ಮಧ್ಯಯುಗದ ಕಥೀಡ್ರಲ್ ಸುಟ್ಟುಹೋಯಿತು, ಹೊರಗೋಡೆ ಮತ್ತು ಗೋಪುರ ಉಳಿದವು. ಬಿದ್ದ ಮಾಡಿನ ಹಳೆಯ ಮೊಳೆಗಳಲ್ಲಿ ಮೂರನ್ನು ಕಟ್ಟಿ ಶಿಲುಬೆ ಮಾಡಿದರು. ಅಲ್ಲಿನ ಪ್ರೊವೋಸ್ಟ್ (ಕಥೀಡ್ರಲಿನ ಮುಖ್ಯ ಪಾದ್ರಿ) ರಿಚರ್ಡ್ ಹೋವರ್ಡ್ ಪೀಠದ ಹಿಂದಿನ ಮುರುಕು ಗೋಡೆಯ ಮೇಲೆ ಎರಡು ಪದ ಬರೆಸಿದರು: ‘ತಂದೆಯೇ, ಕ್ಷಮಿಸು.’ ಶಿಲುಬೆಯ ಮೇಲೆ ಯೇಸು ಹೇಳಿದ್ದು ‘ತಂದೆಯೇ, ಅವರನ್ನು ಕ್ಷಮಿಸು’ ಅಂತ. ಗೋಡೆಯ ಮೇಲೆ ‘ಅವರನ್ನು’ ಇಲ್ಲ.

ಬಾಂಬಿಗೆ ಸುಟ್ಟ ಊರಿನಲ್ಲಿ, ತಪ್ಪು ಯಾರದೆಂದು ಸ್ಪಷ್ಟವಾಗಿ ಗೊತ್ತಿದ್ದಾಗ, ಒಂದು ಪದ ಬಿಟ್ಟಿದ್ದಾರೆ. ನನ್ನ ಮಟ್ಟಿಗೆ ಆ ಬಿಟ್ಟ ಪದ ಹೊಸ ಕಥೀಡ್ರಲಿಗಿಂತ ಚೆಂದ. (ಹೊಸದು ಹಳೆಯದರ ಪಕ್ಕದಲ್ಲೇ ಇದೆ, 1962ರಲ್ಲಿ ಪ್ರತಿಷ್ಠೆಯಾಯಿತು. ಅವಶೇಷವನ್ನು ಕೆಡವಲಿಲ್ಲ.) ಅಂಥ ಮೊಳೆಯ ಶಿಲುಬೆಗಳು ಆಮೇಲೆ ಕೀಲ್, ಡ್ರೆಸ್ಡೆನ್, ಬರ್ಲಿನ್ ನಗರಗಳಿಗೆ ಹೋದವು. ಅಂದರೆ ಇಂಗ್ಲೆಂಡಿನ ವಿಮಾನಗಳು ಸುಟ್ಟ ಊರುಗಳಿಗೆ.

ಸುಲಭವಾಗಿ ಕಾಣುವ ಚೆಲುವಿನ ಬಗ್ಗೆ ನಾನು ಜಾಸ್ತಿ ಹೇಳಲಿಲ್ಲ. ಅದಕ್ಕೆ ವಿವರಣೆ ಬೇಕಿಲ್ಲ. ನಾಲ್ಕನೇ ಶತಮಾನದಲ್ಲಿ ಈಗಿನ ತುರ್ಕಿಯಲ್ಲಿದ್ದ ಕೈಸರೈಯದ ಬಿಷಪ್ ಬಸೀಲ ಊರಾಚೆ ರೋಗಿಗಳಿಗೆ, ದಿಕ್ಕಿಲ್ಲದವರಿಗೆ ಒಂದು ದೊಡ್ಡ ಆಸರೆ ಕಟ್ಟಿದ. ಗೆಳೆಯನೊಬ್ಬ ಅದನ್ನು ‘ಹೊಸ ಊರು’ ಅಂತಲೇ ಕರೆದ. ಕುಷ್ಠರೋಗಿಗಳನ್ನು ಬಸೀಲ ಅಪ್ಪಿಕೊಳ್ಳುತ್ತಿದ್ದ ಅಂತ ಅವನೇ ಹೇಳುತ್ತಾನೆ. ಗೆಳೆಯನ ಮಾತು ಬೇಡ, ವಿರೋಧಿಯ ಮಾತು ಬೇಕು ಅಂದರೆ ಅದೇ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್ ಇದ್ದಾನೆ. ಕ್ರೈಸ್ತ ಧರ್ಮ ಬಿಟ್ಟು ಹಳೆಯ ದೇವರುಗಳನ್ನು ಮತ್ತೆ ತರಲು ಹೊರಟಿದ್ದವನು. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಅಂತ ತನ್ನ ಪುರೋಹಿತನಿಗೆ ಹೊಟ್ಟೆ ಉರಿದು ಪತ್ರ ಬರೆದ.

ಕೊನೆಗೆ ನಾನೇ ಕಂಡ ಒಂದು ಸಂಗತಿ.

ನಾನು ಚಿಕ್ಕಂದಿನಲ್ಲಿ ಹೋಗುತ್ತಿದ್ದ ಸಭೆಯಲ್ಲಿ ಇಬ್ಬರು ಹಿರಿಯರಿದ್ದರು. ಬಾಲ್ಯದ ಗೆಳೆಯರು, ಒಬ್ಬರಿಗೊಬ್ಬರು ಹೋಗೋ ಬಾರೋ ಅನ್ನುವಷ್ಟು ಸಲಿಗೆ. ಸಭೆಯ ಜಮೀನಿನ ವಿಷಯಕ್ಕೆ ಜಗಳವಾಗಿ ಕೋರ್ಟು ಹತ್ತಿದರು. ಏಳೆಂಟು ವರ್ಷ ಮಾತಿಲ್ಲ. ಒಬ್ಬರು ಎಡಗಡೆ ಬೆಂಚು, ಒಬ್ಬರು ಬಲಗಡೆ. ಕೊರಿಂಥದ ಪತ್ರ ಓದುವ ದಿನ ಇಬ್ಬರೂ ಮಾಡಿನ ತೊಲೆ ಎಣಿಸುತ್ತಾ ಕೂರುತ್ತಿದ್ದರು.

ಒಂದು ಭಾನುವಾರ ಪ್ರಭು ಭೋಜನಕ್ಕೆ ಪಾನಪಾತ್ರೆ ಹಿಡಿಯುವವರು ಬಂದಿರಲಿಲ್ಲ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ಕೊಡುವಾಗ ವಾಕ್ಯ ಹೇಳಿ ಅಂದರು ಸಭಾಪಾಲಕರು. ಮೊಣಕಾಲೂರಿದವರ ಸಾಲಿನಲ್ಲಿ ನಡುವೆ ಇದ್ದ ಹೆಂಗಸು ಮಗು ಅತ್ತಿತೆಂದು ಎದ್ದುಹೋದರು. ಈಗ ಆ ಇಬ್ಬರ ನಡುವೆ ಯಾರೂ ಇರಲಿಲ್ಲ. ಪಾತ್ರೆ ಮೊದಲನೆಯವರ ಕೈಯಲ್ಲಿತ್ತು. ಅವರು ಕುಡಿದು, ಬಟ್ಟೆಯಿಂದ ಅಂಚು ಒರೆಸಿದರು. ಮತ್ತೊಮ್ಮೆ ಒರೆಸಿದರು. ಪುಸ್ತಕದಲ್ಲಿ ‘ನಿನಗೋಸ್ಕರ ಸುರಿಸಲ್ಪಟ್ಟ ರಕ್ತ’ ಅಂತಿದೆ. ಅವರು ಪಾತ್ರೆ ಚಾಚಿ ‘ನಿಮಗೋಸ್ಕರ’ ಅಂದರು.

ಅದು ಮರ್ಯಾದೆಯೋ, ಇನ್ನೂ ಉಳಿದಿದ್ದ ದೂರವೋ ನನಗೆ ಇವತ್ತಿಗೂ ತಿಳಿದಿಲ್ಲ. ಇನ್ನೊಬ್ಬರು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದರು. ಆಮೇನ್ ಅಂದರು.

ಮರುದಿನ ಸೋಮವಾರ ಕೇಸಿನ ವಾಯಿದೆ ಇತ್ತು. ಇಬ್ಬರೂ ಹೋದರು.